ಮನೆ ವೈರಿಂಗ್ ಪೂರ್ತಿ ಬದಲಾಯಿಸ್ಲೇಬೇಕಾ? ಗೋಡೆ ಒಡೆಸೋ ಮುಂಚೆ ಇಷ್ಟು ನೋಡಿ

ಲೈಟ್ ಎರಡು ಸಲ ಮಿಣುಕಿದ್ರೆ ಸಾಕು, "ಇದು ಹಳೇ ವೈರಿಂಗು, ಪೂರ್ತಿ ಕೀಳಿಸ್ಬಿಡಿ" ಅನ್ನೋರು ಸಿಕ್ಕೇ ಸಿಗ್ತಾರೆ. ನಮ್ಮ ಚಿಕ್ಕಪ್ಪನ ಮನೇಲಿ ಹಾಗೇ ಆಯ್ತು. ಹಾಲ್ ಮತ್ತು ಪಕ್ಕದ ರೂಮಿನ ಲೈಟು ಸಂಜೆ ಹೊತ್ತಿಗೆ ಡಿಮ್ ಆಗೋದು, ಫ್ಯಾನ್ ಸ್ಪೀಡ್ ಇಳಿಯೋದು, ಸ್ವಲ್ಪ ಹೊತ್ತಿಗೆ ತಾನಾಗೇ ಸರಿ ಹೋಗೋದು. ಬಂದ ಎಲೆಕ್ಟ್ರಿಷಿಯನ್ ಒಂದು ಬೋರ್ಡೂ ಬಿಚ್ಚದೆ ಬಾಗಿಲಲ್ಲೇ ನಿಂತು ಪೂರ್ತಿ ರೀವೈರಿಂಗ್ ಅಂದ್ಬಿಟ್ಟ. ಕೊನೆಗೆ ಇನ್ನೊಬ್ಬರು ಬಂದು ಹುಡುಕಿದಾಗ ಸಿಕ್ಕಿದ್ದು ಹಾಲಿನ ಮೂಲೆ ಜಂಕ್ಷನ್ ಬಾಕ್ಸಲ್ಲಿ ಒಂದು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಜಾಯಿಂಟು, ಕೈಯಲ್ಲಿ ಎರಡು ಸುತ್ತು ತಿರುಚಿ ಟೇಪ್ ಸುತ್ತಿದ್ರು ಅಷ್ಟೇ, ಆ ಟೇಪು ಕರಗಿ ಟಾರ್ ಥರ ಬಾಕ್ಸಿಗೆ ಅಂಟ್ಕೊಂಡಿತ್ತು. ಸುಟ್ಟಿದ್ದಷ್ಟು ವೈರ್ ಕತ್ತರಿಸಿ, ಕನೆಕ್ಟರ್ ಹಾಕಿ, ಸ್ಕ್ರೂ ಬಿಗಿ ಮಾಡಿದ್ದೇ ಕೆಲ್ಸ. ಬೆಟ್ಟ ಅಗೆದು ಇಲಿ ಹಿಡಿಯೋದು ಸ್ವಲ್ಪದ್ರಲ್ಲಿ ತಪ್ತು.

ಇದನ್ನ ಕೇಳಿ ರೀವೈರಿಂಗ್ ಅನ್ನೋದೆಲ್ಲ ಬರೀ ದುಡ್ಡು ಮಾಡೋ ಮಾತು ಅಂದ್ಕೋಬೇಡಿ. ಇನ್ನೊಂದು ಮನೆ ನೋಡಿದೀನಿ, ಅಲ್ಲಿ ಒಂದು ದಿನನೂ ಲೈಟ್ ಮಿಣುಕಿಲ್ಲ, ಫ್ಯೂಸ್ ಹೋಗಿಲ್ಲ, ಎಲ್ಲಾ ಚೆನ್ನಾಗೇ ಇತ್ತು. ಫ್ಯಾನ್ ಬದಲಾಯಿಸೋಕೆ ಅಂತ ವೈರ್ ಸ್ವಲ್ಪ ಕೆಳಗೆ ಎಳೆದ್ರೆ ಮೇಲಿನ ರಬ್ಬರು ಒಣಗಿದ ತೊಗಟೆ ಥರ ಉದುರಿ ಕೈಗೆ ಬಂತು, ಬರೀ ತಾಮ್ರ ನೇತಾಡ್ತಿತ್ತು. ಅಲ್ಲಿ ಪೂರ್ತಿ ಕಿತ್ತು ಹಾಕೋದು ಬಿಟ್ಟು ಬೇರೆ ದಾರಿ ಇರ್ಲಿಲ್ಲ.

ಹಾಗಾಗಿ ಕೆಳಗೆ ಯಾವ ಲಕ್ಷಣ ಓದಿದ್ರೂ ಮನಸಲ್ಲಿ ಒಂದೇ ಪ್ರಶ್ನೆ ಇಟ್ಕೊಳ್ಳಿ: ತೊಂದ್ರೆ ವೈರಿನ ತುದೀಲಿದ್ಯಾ, ಇಲ್ಲಾ ಗೋಡೆ ಒಳಗೆ ಹೋಗಿರೋ ಉದ್ದದಲ್ಲಿದ್ಯಾ? ತುದಿ ಅಂದ್ರೆ ಸ್ವಿಚ್ಚು, ಸಾಕೆಟ್ಟು, ಹೋಲ್ಡರ್ರು, ಜಾಯಿಂಟು, ಡಿಬಿ (ಮೀಟರಿಂದ ಬಂದ ಕರೆಂಟನ್ನ ಮನೆಗೆಲ್ಲ ಹಂಚೋ ಡಬ್ಬಿ) ಒಳಗಿನ ಸ್ಕ್ರೂ. ನಾನು ನೋಡಿರೋ ಮಟ್ಟಿಗೆ ಜನ ದೂರು ಹೇಳೋ ತೊಂದ್ರೆಗಳಲ್ಲಿ ಹೆಚ್ಚಿನವು ತುದೀಲೇ ಇರ್ತವೆ. ಉದ್ದ ಕೆಟ್ಟಿದ್ರೆ ಮಾತ್ರ ರೀವೈರಿಂಗ್ ಮಾತು.

ಕೈ ಹಾಕೋ ಮುಂಚೆ

ನೋಡೋದು, ಮೂಸೋದು, ಕಿವಿಗೊಟ್ಟು ಕೇಳೋದು, ಪ್ಲಗ್ ಕಿತ್ತು ಒಂದೊಂದಾಗಿ ಹಾಕಿ ಪರೀಕ್ಷೆ ಮಾಡೋದು, ಎಂಸಿಬಿ (ಡಿಬೀಲಿರೋ, ಕರೆಂಟ್ ಜಾಸ್ತಿ ಆದ್ರೆ ತಾನಾಗೇ ಬೀಳೋ ಸ್ವಿಚ್ಚು) ಆನ್ ಆಫ್ ಮಾಡೋದು, ಇಷ್ಟು ಯಾರು ಬೇಕಾದ್ರೂ ಮಾಡ್ಬಹುದು. ಬೋರ್ಡ್ ಬಿಚ್ಚೋ ಅಭ್ಯಾಸ ಇದ್ರೆ ಮೇನ್ ಆಫ್ ಮಾಡಿ ಬಿಚ್ಚಿ, ಸ್ವಿಚ್ ಆಫ್ ಮಾಡಿದ್ದು ಸಾಕಾಗಲ್ಲ, ಯಾಕಂದ್ರೆ ಸ್ವಿಚ್ ಆಫ್ ಇದ್ರೂ ಅದೇ ಬಾಕ್ಸಿಗೆ ಫೇಸ್ (ಕರೆಂಟ್ ತರೋ ವೈರು) ಬರ್ತಾನೇ ಇರತ್ತೆ. ಟೆಸ್ಟರನ್ನ ಮೊದ್ಲು ಕರೆಂಟ್ ಇರೋ ಜಾಗದಲ್ಲಿ ಇಟ್ಟು ಉರಿಯತ್ತಾ ನೋಡಿ, ಆಮೇಲೆ ಬಿಚ್ಚೋ ಜಾಗದಲ್ಲಿ ನೋಡಿ, ಮತ್ತೆ ವಾಪಸ್ ಕರೆಂಟ್ ಇರೋ ಕಡೆ ನೋಡಿ. ಮಧ್ಯದಲ್ಲೇ ಟೆಸ್ಟರ್ ಕೆಟ್ಟು "ಕರೆಂಟ್ ಇಲ್ಲ" ಅಂತ ತೋರಿಸಿರ್ಬಹುದು, ಅದಕ್ಕೆ ಈ ಮೂರನೇ ಸಲ. ಡಿಬಿ ಮುಚ್ಚಳ ಮಾತ್ರ ನೀವು ತೆಗೀಬೇಡಿ, ಮೇನ್ ಆಫ್ ಆದ್ರೂ ಮೀಟರಿಂದ ಬರೋ ವೈರಲ್ಲಿ ಕರೆಂಟ್ ಹಾಗೇ ಇರತ್ತೆ. ಸುಮಾರು ಕಡೆ ಲೈಸೆನ್ಸ್ ಇಲ್ದೋರು ವೈರಿಂಗ್ ಮುಟ್ಟೋ ಹಾಗೇ ಇಲ್ಲ, ನಿಮ್ಮಲ್ಲಿ ಹೇಗೆ ಅಂತ ತಿಳ್ಕೊಂಡು ಮುಂದೆ ಹೋಗಿ.

ಕೆಲವು ಲಕ್ಷಣ ಕಂಡ್ರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಮೇನ್ ಆಫ್ ಮಾಡಿ ಜನ ಕರೆಸಿ. ಬೋರ್ಡಿಂದ ಹೊಗೆ ಅಥವಾ ಸುಟ್ಟ ವಾಸನೆ ಬರ್ತಿದೆ, ಬೋರ್ಡ್ ಒಳಗೆ ನೀರು ಇಳಿದಿದೆ, ನಲ್ಲಿ ಅಥವಾ ಒದ್ದೆ ಗೋಡೆ ಮುಟ್ಟಿದ್ರೆ ಶಾಕ್ ಹೊಡೀತಿದೆ, ಇಲ್ಲಾ ಕೆಲವು ಲೈಟು ಇದ್ದಕ್ಕಿದ್ದ ಹಾಗೆ ಕಣ್ಣು ಕುಕ್ಕೋ ಹಾಗೆ ಉರಿದು ಇನ್ನು ಕೆಲವು ಮಂಕಾಗಿವೆ. ಬೆಂಕಿ ಕಾಣಿಸಿದ್ರೆ ನೀರು ಹಾಕ್ಲೇಬೇಡಿ, ಮೇನ್ ಸಿಗೋ ಹಾಗಿದ್ರೆ ಆಫ್ ಮಾಡಿ, ಒಣ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ರೆ ಬಳಸಿ, ಇಲ್ದಿದ್ರೆ ಎಲ್ರನ್ನೂ ಕರ್ಕೊಂಡು ಹೊರಗೆ ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಲೈಟ್ ಮಿಣುಕುತ್ತೆ, ಡಿಮ್ ಆಗತ್ತೆ

ಮೊದ್ಲು ಎಷ್ಟು ದೂರ ಹರಡಿದೆ ನೋಡಿ. ಒಂದೇ ಬಲ್ಬ್ ಮಿಣುಕ್ತಿದ್ರೆ ಬಲ್ಬ್ ಬದಲಾಯಿಸಿ, ಎಲ್‌ಇಡಿ ಬಲ್ಬಲ್ಲಿ ಒಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಸಣ್ಣ ಸರ್ಕ್ಯೂಟು) ಹಾಳಾಗೋದು ಮಾಮೂಲಿ. ಹೊಸ ಬಲ್ಬಲ್ಲೂ ಅದೇ ಆದ್ರೆ ಹೋಲ್ಡರ್ ಪಿನ್ ನೋಡಿ, ಆಮೇಲೆ ಸ್ವಿಚ್ಚು. ಇಷ್ಟರಲ್ಲಿ ಮುಕ್ಕಾಲು ಪಾಲು ಕೇಸ್ ಮುಗ್ದೇ ಹೋಗತ್ತೆ ಅಂತ ನನ್ನ ಅನಿಸಿಕೆ.

ಒಂದು ರೂಮು ಪೂರ್ತಿ, ಅಥವಾ ಒಂದೇ ಎಂಸಿಬಿ ಮೇಲಿರೋ ಎರಡು ರೂಮು ಮಿಣುಕ್ತಿದ್ರೆ ಅದು ಜಾಯಿಂಟಿನ ಕಥೆ, ಚಿಕ್ಕಪ್ಪನ ಮನೇದು ಇದೇ. ಯಾವ ಲೈಟಿಂದ ಮಿಣುಕೋದು ಶುರುವಾಗತ್ತೆ, ಅದಕ್ಕಿಂತ ಹಿಂದಿನ ಯಾವ ಲೈಟ್ ಸರಿ ಇದೆ ಅಂತ ಗುರುತು ಹಾಕ್ಕೊಂಡ್ರೆ ಆ ಎರಡರ ಮಧ್ಯೆ ಇರೋ ಬಾಕ್ಸೇ ಅಪರಾಧಿ.

ಇಡೀ ಮನೆ ಮಿಣುಕಿದ್ರೆ ಪಕ್ಕದ ಮನೇಲೂ ಹೀಗೇ ಆಗ್ತಿದ್ಯಾ ಕೇಳಿ. ಅವರಿಗೂ ಆಗ್ತಿದ್ರೆ ತೊಂದ್ರೆ ಕಂಬದ ಕಡೆ, ಸಪ್ಲೈ ಕಂಪನಿಗೆ ಹೇಳಿ. ನಿಮ್ಮನೇಲಿ ಮಾತ್ರ ಆಗ್ತಿದ್ರೆ ಮೀಟರು, ಮೇನ್ ಸ್ವಿಚ್ಚು, ಡಿಬಿಗೆ ಬರೋ ವೈರು, ಇವುಗಳಲ್ಲಿ ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ, ಅದನ್ನ ನೋಡೋದು ಎಲೆಕ್ಟ್ರಿಷಿಯನ್ ಅಥವಾ ಕಂಪನಿಯವರ ಕೆಲ್ಸ.

ಮೇಲೆ ಹೇಳಿದ್ನಲ್ಲ, ಕೆಲವು ಲೈಟು ಜಾಸ್ತಿ ಕೆಲವು ಕಮ್ಮಿ, ಅದು ನ್ಯೂಟ್ರಲ್ ಕಟ್ಟಾಗಿರೋ ಲಕ್ಷಣ. ಮೂರು ಫೇಸ್ ಇರೋ ಕಡೆ ಮೇನ್ ನ್ಯೂಟ್ರಲ್ ಬಿಟ್ಟೋದ್ರೆ 230 ವೋಲ್ಟ್ ಬರ್ಬೇಕಾದ ಸಾಕೆಟ್ಟಿಗೆ 400ರ ಹತ್ತಿರ ಬರ್ಬಹುದು. ಟಿವಿ, ಫ್ರಿಜ್ಜು, ಚಾರ್ಜರ್ ಎಲ್ಲಾ ಒಂದೇ ಏಟಿಗೆ ಹೋಗ್ತವೆ. ಭಯ ಹುಟ್ಟಿಸೋ ತೊಂದ್ರೆ, ನಿಜ, ಆದ್ರೆ ಇದಕ್ಕೂ ಗೋಡೆ ಒಳಗಿನ ವೈರಿಗೂ ಸಂಬಂಧ ಇಲ್ಲ, ಒಂದು ನ್ಯೂಟ್ರಲ್ ಸರಿ ಮಾಡಿದ್ರೆ ಮುಗೀತು.

ಇನ್ನು ಫ್ರಿಜ್ಜೋ ಎಸಿನೋ ಪಂಪೋ ಸ್ಟಾರ್ಟ್ ಆದಾಗ ಒಂದು ಕ್ಷಣ ಲೈಟ್ ಕಣ್ಣು ಮಿಟುಕಿಸಿದ್ರೆ ತಲೆ ಕೆಡಿಸ್ಕೋಬೇಡಿ. ಮೋಟರ್ ಶುರುವಾಗೋವಾಗ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯತ್ತೆ, ಆಮೇಲೆ ಇಳಿಯತ್ತೆ. ಅದು ಓಡ್ತಿರೋ ಅಷ್ಟು ಹೊತ್ತೂ ಲೈಟ್ ಮಂಕಾಗೇ ಇದ್ರೆ ಮಾತ್ರ ಕೆಳಗೆ ವೋಲ್ಟೇಜ್ ಬಗ್ಗೆ ಬರೆದಿರೋದು ಓದಿ.

ಸಾಕೆಟ್ ಬಿಸಿ, ಸುಟ್ಟ ಗುರುತು, ಮೀನಿನ ವಾಸನೆ

ಪ್ಲಾಸ್ಟಿಕ್ ಬಿಸಿಯಾದಾಗ ಕೆಲವು ಸಲ ಮೀನಿನ ಥರ ವಾಸನೆ ಬರತ್ತೆ, ಜನ ಮನೆಯೆಲ್ಲಾ ಹುಡುಕ್ತಾರೆ, ಸಾಕೆಟ್ ಹತ್ರ ಮಾತ್ರ ಮೂಸಲ್ಲ. ಬೋರ್ಡ್ ಮುಖ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದೆ, ಪ್ಲಗ್ ಕಿತ್ತ ತಕ್ಷಣ ಪಿನ್ ಬಿಸಿ ಇದೆ, ಸ್ವಿಚ್ ಹಾಕಿದಾಗ ಒಳಗೆ ಚರಚರ ಸದ್ದು ನಿಲ್ಲದೇ ಬರತ್ತೆ, ಇವೆಲ್ಲ ಒಂದೇ ಜಾತಿ.

ಇಲ್ಲಿ ಏನು ನಡೀತಿದೆ ಅಂತ ಸ್ವಲ್ಪ ಲೆಕ್ಕ ಹಾಕೋಣ, ಯಾಕಂದ್ರೆ ಇದು ಅರ್ಥ ಆದ್ರೆ ಅರ್ಧ ವಿಷ್ಯ ಅರ್ಥ ಆದ ಹಾಗೆ. 2000 ವ್ಯಾಟ್ ಗೀಸರ್ 230 ವೋಲ್ಟಲ್ಲಿ ಹತ್ತತ್ರ 8.7 ಆಂಪ್ಸ್ ಎಳೆಯತ್ತೆ. ಸ್ಕ್ರೂ ಸಡಿಲ ಆಗಿ ಅಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಹುಟ್ಟಿಕೊಂಡ್ರೆ ಆ ಒಂದು ಚುಕ್ಕೀಲಿ 38 ವ್ಯಾಟ್ ಬಿಸಿ ಹುಟ್ಟತ್ತೆ. ರೇಡಿಯೋ ರಿಪೇರಿಯವರು ಬಳಸೋ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರತ್ತೆ ನೋಡಿ, ಅದಕ್ಕಿಂತ ಬಿಸಿ ಐಟಂ ಒಂದನ್ನ ಪ್ಲಾಸ್ಟಿಕ್ ಡಬ್ಬಿ ಒಳಗೆ ಮುಚ್ಚಿ ಇಟ್ಟ ಹಾಗೆ. ಎಂಸಿಬಿಗೆ ಇದು ಗೊತ್ತೇ ಆಗಲ್ಲ, ಕರೆಂಟು ಜಾಸ್ತಿ ಆಗಿಲ್ವಲ್ಲ, ಅದರ ಲೆಕ್ಕಕ್ಕೆ ಎಲ್ಲಾ ಸರಿಯಾಗೇ ಇದೆ. ಆರ್‌ಸಿಸಿಬಿಗೂ (ಕರೆಂಟ್ ಸೋರಿದ್ರೆ ಬೀಳೋ ಸ್ವಿಚ್ಚು) ಗೊತ್ತಾಗಲ್ಲ, ಲೀಕೇಜ್ ಇಲ್ವಲ್ಲ. ಅದಕ್ಕೇ ಬಿಸಿ ಮತ್ತು ವಾಸನೆನ ನೀವೇ ಗಮನಿಸ್ಬೇಕು.

ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದಾಗ ವೈರ್ ಎಷ್ಟು ಉದ್ದ ಕಪ್ಪಾಗಿದೆ ಅನ್ನೋದೇ ಮುಖ್ಯ. ಸ್ಕ್ರೂ ಹತ್ತಿರ ಒಂದೆರಡು ಇಂಚು ಕಪ್ಪಾಗಿ ಗಟ್ಟಿಯಾಗಿದ್ದು, ಅದ್ರ ಹಿಂದೆ ಬಣ್ಣ ಚೆನ್ನಾಗಿದ್ದು ಮೆತ್ತಗೆ ಬಗ್ಗಿದ್ರೆ, ಅದು ತುದಿ ತೊಂದ್ರೆ: ಸುಟ್ಟಿದ್ದು ಕತ್ತರಿಸಿ, ಹೊಸ ಸಾಕೆಟ್ ಹಾಕಿ, ಬಿಗಿ ಮಾಡಿ. ಪೈಪಿಂದ ಒಂದು ಗೇಣು ಹೊರಗೆಳೆದ್ರೂ ಅಲ್ಲಿವರೆಗೂ ಬಣ್ಣ ಮಾಸಿ, ಬಗ್ಗಿಸಿದ್ರೆ ಬಿರುಕು ಬಿಡ್ತಿದ್ರೆ ಆ ವೈರು ಉದ್ದಕ್ಕೂ ವರ್ಷಗಟ್ಟಲೆ ಬಿಸಿ ತಿಂದಿದೆ ಅಂತ. ಸಾಮಾನ್ಯ ಪಿವಿಸಿ ವೈರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಅಂತ ಮಾಡಿರೋದು, ಅದನ್ನ ದಾಟಿ ದಿನಾ ಕಾಯ್ತಿದ್ರೆ ಒಳಗಿನ ಮೆತ್ತನೆ ಮಾಡೋ ಎಣ್ಣೆ ಅಂಶ ಹೋಗಿ ಗಟ್ಟಿಯಾಗತ್ತೆ. ಕೆಲವು ಹಳೇ ಬೋರ್ಡಲ್ಲಿ ಹಸಿರು ಬಣ್ಣದ ಅಂಟು ಸೋರಿರೋದು ನೋಡಿರ್ತೀರಿ, ಅದು ಆ ಎಣ್ಣೆ ತಾಮ್ರದ ಜೊತೆ ಸೇರಿ ಆಗಿರೋದು. ಕೈಯಲ್ಲಿ ಮುಟ್ಬೇಡಿ, ಆ ವೈರಿಗೆ ಮೆಗ್ಗರ್ ಟೆಸ್ಟ್ (ಇನ್ಸುಲೇಷನ್ ಅಂದ್ರೆ ವೈರಿನ ಮೇಲಿನ ಹೊದಿಕೆ ಹೇಗಿದೆ ಅಂತ ಅಳೆಯೋದು, ಕೊನೇಲಿ ಬರತ್ತೆ) ಮಾಡಿಸಿ.

ಹಳೇ ಬಲ್ಬ್ ಹೋಲ್ಡರ್ ಹತ್ರ ಮಾತ್ರ ಮೋಸ ಹೋಗ್ಬೇಡಿ. 60, 100 ವ್ಯಾಟ್ ಬಲ್ಬ್ ವರ್ಷಾನುಗಟ್ಟಲೆ ಉರಿದು ಮೇಲಿನ ನಾಲ್ಕು ಇಂಚು ವೈರ್ ಬೇಯಿಸಿಬಿಟ್ಟಿರತ್ತೆ, ಅದನ್ನ ತೋರಿಸಿ "ನೋಡಿ ಹೇಗಿದೆ ನಿಮ್ ವೈರಿಂಗು" ಅಂದ್ರೆ ಯಾರಾದ್ರೂ ನಂಬ್ತಾರೆ. ಇನ್ನೂ ಒಳಗಿಂದ ಎಳೆದು ತೋರಿಸಿ ಅನ್ನಿ.

ಎಂಸಿಬಿ ಬೀಳತ್ತೆ, ಫ್ಯೂಸ್ ಹೋಗತ್ತೆ

ಎಷ್ಟು ಹೊತ್ತಿಗೆ ಬೀಳತ್ತೆ ಅನ್ನೋದ್ರಲ್ಲೇ ಉತ್ತರ ಇದೆ. ಗೀಸರ್ರು, ಇಸ್ತ್ರಿ ಪೆಟ್ಟಿಗೆ ಎರಡೂ ಹಾಕಿದ ಹತ್ತು ಇಪ್ಪತ್ತು ನಿಮಿಷಕ್ಕೆ ಬಿದ್ರೆ ಅದು ಓವರ್‌ಲೋಡ್, ಒಂದು ತೆಗೆದ್ರೆ ಸರಿ ಹೋಗತ್ತೆ. ಹಾಕಿದ ಕೂಡ್ಲೇ ಟಪ್ ಅಂತ ಬಿದ್ರೆ ಎಲ್ಲೋ ಶಾರ್ಟ್ ಇದೆ. ಎಲ್ಲಾ ಪ್ಲಗ್ ಕಿತ್ತು, ಎಲ್ಲಾ ಸ್ವಿಚ್ ಆಫ್ ಮಾಡಿ ಮತ್ತೆ ಏರಿಸಿ, ನಿಂತ್ರೆ ಒಂದೊಂದಾಗಿ ಹಾಕ್ತಾ ಬನ್ನಿ, ಬೀಳಿಸೋ ಐಟಂ ತಾನಾಗೇ ಸಿಗತ್ತೆ. ಏನೂ ಹಾಕದೇ ಬೀಳ್ತಿದ್ರೆ ಮತ್ತೆ ಮತ್ತೆ ಏರಿಸ್ಬೇಡಿ, ಆಗ ತೊಂದ್ರೆ ವೈರಲ್ಲೋ ಬೋರ್ಡಲ್ಲೋ ಇದೆ, ಆ ಸರ್ಕ್ಯೂಟ್ ಆಫ್ ಇಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಸುಮಾರು ಸಲ ಯಾರೋ ಗೋಡೆಗೆ ಮೊಳೆ ಹೊಡೆದಿರ್ತಾರೆ, ಇಲ್ಲಾ ಫಾಲ್ಸ್ ಸೀಲಿಂಗ್ ಮೇಲೆ ಇಲಿ ಕಡಿದಿರತ್ತೆ.

ತುಂಬಾ ಜನ ಮಾಡೋ ತಪ್ಪು ಅಂದ್ರೆ ಪದೇ ಪದೇ ಬೀಳತ್ತೆ ಅಂತ 16 ಆಂಪ್ಸ್ ಎಂಸಿಬಿ ತೆಗೆದು 32 ಹಾಕ್ಸೋದು. ಎಂಸಿಬಿ ಇರೋದು ವೈರ್ ಕಾಯೋಕೆ. 16 ಆಂಪ್ಸ್ ಎಂಸಿಬಿಗೆ 23 ಆಂಪ್ಸ್ ಹರಿದ್ರೂ ಬೀಳೋಕೆ ಒಂದು ಗಂಟೆವರೆಗೆ ತಗೊಳ್ಬಹುದು, ಅದು ಸ್ಟ್ಯಾಂಡರ್ಡಲ್ಲೇ ಇರೋ ಲೆಕ್ಕ, 1.45 ಪಟ್ಟು. ಅಂದ್ರೆ ಅದು ಈಗಾಗ್ಲೇ ಉದಾರವಾಗೇ ಇದೆ, ನೀವು ಇನ್ನೂ ದೊಡ್ಡದು ಹಾಕಿದ್ರೆ ಎಂಸಿಬಿ ಬದಲು ಗೋಡೆ ಒಳಗಿನ ವೈರೇ ಫ್ಯೂಸ್ ಆಗತ್ತೆ. ಹಳೇ ಪಿಂಗಾಣಿ ಫ್ಯೂಸಲ್ಲೂ ಇದೇ ಕಥೆ, 5 ಆಂಪ್ಸಿಗೆ 0.2 ಮಿಲಿಮೀಟರ್ ದಪ್ಪದ ತವರ ಲೇಪಿಸಿದ ತಾಮ್ರದ ಎಳೆ, 15 ಆಂಪ್ಸಿಗೆ 0.5 ಮಿಲಿಮೀಟರ್, ಅದ್ರ ಜಾಗದಲ್ಲಿ ಕೈಗೆ ಸಿಕ್ಕ ವೈರಿನ ನಾಲ್ಕೈದು ಎಳೆ ತಿರುಚಿ ಹಾಕಿರ್ತಾರೆ. ನಿಮ್ಮನೇಲಿ ಹಾಗೆ ಬಹಳ ವರ್ಷ ಓಡಿಸಿದ್ರೆ ವೈರ್ ಒಳಗೊಳಗೇ ಬೆಂದಿರೋ ಸಾಧ್ಯತೆ ಇದೆ, ಅಂಥ ಸರ್ಕ್ಯೂಟನ್ನ ಮೆಗ್ಗರ್ ಪಟ್ಟಿಗೆ ಮೊದ್ಲು ಸೇರಿಸಿ.

ಬರೀ ಓವರ್‌ಲೋಡ್ ಅಂದ್ರೆ ರೀವೈರಿಂಗ್ ಬೇಡ. ಆ ಮನೆ ಕಟ್ಟಿದಾಗ ನಾಲ್ಕು ಬಲ್ಬು ಎರಡು ಫ್ಯಾನಿಗೆ ಅಂತ ಎಳೆದ ವೈರು, ಈಗ ಅದೇ ವೈರಲ್ಲಿ ಗೀಸರ್ರು, ಓವನ್ನು, ಎಸಿ ಎಲ್ಲಾ ನೇತಾಕಿದೀವಿ. ಭಾರದ ಐಟಂಗಳಿಗೆ ಡಿಬಿಯಿಂದ ನೇರ ಬೇರೆ ಲೈನ್ ಎಳೆಸಿ, ದಪ್ಪ ವೈರಲ್ಲಿ, ಎಷ್ಟು ಸ್ಕ್ವೇರ್ ಎಂಎಂ ಅನ್ನೋದು ಲೋಡು ಮತ್ತು ದೂರ ನೋಡಿ. ಉಳಿದ ಹಳೇ ವೈರಿಗೆ ಇವತ್ತು ನಿಜಕ್ಕೂ ಆರಾಮ್ ಇದೆ, 60 ವ್ಯಾಟ್ ಬಲ್ಬ್ ಇದ್ದ ಕಡೆ 9 ವ್ಯಾಟ್ ಎಲ್‌ಇಡಿ ಕೂತಿದೆ.

ಆರ್‌ಸಿಸಿಬಿ ಬೀಳತ್ತೆ, ಅದೂ ಮಳೆ ಬಂದಾಗ

ಆರ್‌ಸಿಸಿಬಿ ಫೇಸಲ್ಲಿ ಹೋದ ಕರೆಂಟು ನ್ಯೂಟ್ರಲಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಲೆಕ್ಕ ಇಡೋ ಐಟಂ, ಮನೇಲಿ ಸಾಮಾನ್ಯವಾಗಿ ಹಾಕೋದು 30 ಮಿಲಿಆಂಪ್ಸಿಂದು. ವ್ಯತ್ಯಾಸ ಅಷ್ಟಾಗೋದ್ರೊಳಗೆ ಬೀಳತ್ತೆ. ಹಳೇ ಮನೆಗೆ ಹೊಸದಾಗಿ ಹಾಕಿಸಿದ ದಿನವೇ ಬೀಳೋಕೆ ಶುರುವಾದ್ರೆ "ನಿಮ್ ವೈರಿಂಗ್ ತಡ್ಕೊಳ್ತಿಲ್ಲ" ಅಂತಾರೆ. ಅಷ್ಟಕ್ಕೇ ಒಪ್ಕೋಬೇಡಿ.

ಮೊದ್ಲು ಎಲ್ಲಾ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಯಾಕಂದ್ರೆ ಸ್ವಿಚ್ ಫೇಸ್ ಮಾತ್ರ ಕಟ್ ಮಾಡತ್ತೆ, ನ್ಯೂಟ್ರಲ್ ಹಾಗೇ ಸೇರಿರತ್ತೆ. ಕಿತ್ತ ಮೇಲೆ ನಿಂತ್ರೆ ಒಂದೊಂದಾಗಿ ಹಾಕಿ. ಗೀಸರ್ ಕಾಯಿಲ್ಲು, ವಾಷಿಂಗ್ ಮಷಿನ್ನು, ಹೊರಗಿನ ಪಂಪು, ಇವೇ ಹಳೇ ಆಸಾಮಿಗಳು. ಪ್ಲಗ್ ಎಲ್ಲಾ ಕಿತ್ರೂ ಬೀಳ್ತಿದ್ರೆ ಎಂಸಿಬಿಗಳನ್ನ ಒಂದೊಂದೇ ಏರಿಸಿ ಯಾವುದು ಅಂತ ನೋಡಿ. ಇಲ್ಲೊಂದು ಗುಟ್ಟಿದೆ, ಎಂಸಿಬಿ ಸಿಂಗಲ್ ಪೋಲ್ (ಫೇಸ್ ಒಂದನ್ನೇ ಕಟ್ ಮಾಡೋದು) ಆಗಿದ್ರೆ ಅದು ಆಫ್ ಇದ್ರೂ ಆ ಸರ್ಕ್ಯೂಟಿನ ನ್ಯೂಟ್ರಲ್ ಜೋಡಣೆಯಲ್ಲೇ ಇರತ್ತೆ, ಹಾಗಾಗಿ ಆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದ್ರೆ ಬೇರೆ ಯಾವ್ದೋ ರೂಮಲ್ಲಿ ಲೋಡ್ ಹಾಕಿದಾಗ ಬೀಳತ್ತೆ, ನೀವು ತಪ್ಪು ರೂಮನ್ನ ಬೈಕೊಂಡು ಕೂತಿರ್ತೀರಿ. ಇದನ್ನ ಹಿಡಿಯೋಕೆ ಡಿಬೀಲಿ ನ್ಯೂಟ್ರಲ್ ವೈರೆಲ್ಲ ಸೇರೋ ಲೋಹದ ಪಟ್ಟಿಯಿಂದ ಒಂದೊಂದೇ ವೈರ್ ಬಿಚ್ಚಿ ನೋಡ್ಬೇಕು, ಅದು ಎಲೆಕ್ಟ್ರಿಷಿಯನ್ ಕೆಲ್ಸ.

ಹಳೇ ಮನೇಲಿ ಇನ್ನೊಂದು ಮಾಮೂಲಿ ಕಾರಣ ಸಾಲ ತಂದ ನ್ಯೂಟ್ರಲ್ಲು. ಈ ರೂಮಿನ ಫೇಸು, ಆ ರೂಮಿನ ನ್ಯೂಟ್ರಲ್ಲು, ಹತ್ರ ಸಿಕ್ತು ಅಂತ ಯಾರೋ ಸೇರಿಸಿರ್ತಾರೆ. ಮೆಟ್ಟಿಲಿನ ಎರಡು ಸ್ವಿಚ್ಚಿನ ಲೈಟಲ್ಲಿ ಇದು ಜಾಸ್ತಿ. ಎರಡು ಆರ್‌ಸಿಸಿಬಿ ಇದ್ದು ನ್ಯೂಟ್ರಲ್ ಅದಲು ಬದಲಾಗಿದ್ರೆ ಎಷ್ಟು ಹೊಸ ವೈರ್ ಹಾಕಿದ್ರೂ ಬೀಳ್ತಾನೇ ಇರತ್ತೆ.

ಮಳೆಗಾಲದಲ್ಲಿ ಮಾತ್ರ ಬೀಳೋದಾದ್ರೆ ಗೇಟ್ ಲೈಟು, ಟೆರೇಸ್ ಪಾಯಿಂಟು, ನೀರು ಜಿನುಗೋ ಗೋಡೆ ನೋಡಿ. ಆ ಒಂದು ಸರ್ಕ್ಯೂಟ್ ಆಫ್ ಇಟ್ಟಾಗ ನಿಂತ್ರೆ ಕೆಲ್ಸ ಅಷ್ಟಕ್ಕೇ. ಗೋಡೆ ಜಿನುಗೋದು ನಿಲ್ಲಿಸದೆ ವೈರ್ ಬದಲಾಯಿಸಿದ್ರೆ ಹೊಸ ವೈರೂ ಅದೇ ನೀರಲ್ಲಿ ಮಲಗತ್ತೆ.

ದಯವಿಟ್ಟು ಯಾರೇ ಹೇಳಿದ್ರೂ ಆರ್‌ಸಿಸಿಬಿ ಬೈಪಾಸ್ ಮಾಡ್ಬೇಡಿ.

ಮುಟ್ಟಿದ್ರೆ ಜುಮ್ ಅನ್ನತ್ತೆ

ಕಂಪ್ಯೂಟರ್ ಬಾಡಿ, ಲೋಹದ ಲ್ಯಾಪ್‌ಟಾಪು ಮುಟ್ಟಿದಾಗ ಸಣ್ಣಗೆ ಜುಮ್ ಅಂದ್ರೆ ಹೆಚ್ಚಾಗಿ ಅರ್ಥಿಂಗ್ ಸಿಗ್ತಿಲ್ಲ ಅಂತ ಅರ್ಥ, ಒಳಗಿನ ಫಿಲ್ಟರ್ ಮೂಲಕ ಸ್ವಲ್ಪ ಕರೆಂಟು ಬಾಡಿಗೆ ಬಂದು ಹೋಗೋಕೆ ದಾರಿ ಇಲ್ದೆ ನಿಂತಿರತ್ತೆ. ಗೀಸರ್ರು, ವಾಷಿಂಗ್ ಮಷಿನ್ನು, ಫ್ರಿಜ್ಜು ಹೊಡೀತಿದ್ರೆ ಪ್ಲಗ್ ಕಿತ್ತುಬಿಡಿ, ಅಲ್ಲಿ ಎರಡು ತಪ್ಪು ಸೇರಿವೆ, ಐಟಂ ಲೀಕ್ ಆಗ್ತಿದೆ ಜೊತೆಗೆ ಅರ್ಥೂ ಇಲ್ಲ.

ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿ ನೋಡಿ. ಎಷ್ಟೋ ಕಡೆ ಅರ್ಥ್ ವೈರ್ ಬಾಕ್ಸ್ ತನಕ ಬಂದು ಸುರುಳಿ ಸುತ್ತಿಕೊಂಡು ಮಲಗಿರತ್ತೆ, ಪಿನ್ನಿಗೆ ಸೇರಿಸೇ ಇರಲ್ಲ. ಹತ್ತು ನಿಮಿಷದ ಕೆಲ್ಸ. ವೈರೇ ಇಲ್ದೇ ಬರೀ ಎರಡೇ ವೈರ್ ಬಂದಿದ್ರೂ ಪೈಪ್ ಚೆನ್ನಾಗಿದ್ರೆ ಅದೇ ಪೈಪಲ್ಲಿ ಅರ್ಥ್ ವೈರ್ ಒಂದನ್ನ ಎಳೀಬಹುದು, ಉಳಿದಿದ್ದು ಮುಟ್ಟೋದು ಬೇಕಿಲ್ಲ. ಸಾಕೆಟ್ಟಿಗೆಲ್ಲ ಸೇರಿಸಿದ್ದೂ ಅರ್ಥ್ ಸಿಗ್ತಿಲ್ಲ ಅಂದ್ರೆ ಡಿಬಿಯಿಂದ ನೆಲದ ರಾಡ್ ತನಕ ನೋಡಿಸಿ, ನಟ್ಟು ತುಕ್ಕು ಹಿಡಿದು ಉದುರಿರತ್ತೆ.

ಕೆಲವರು ಬುದ್ಧಿವಂತಿಕೆ ಮಾಡಿ ಸಾಕೆಟ್ ಒಳಗೇ ನ್ಯೂಟ್ರಲಿಂದ ಅರ್ಥ್ ಪಿನ್ನಿಗೆ ಸಣ್ಣ ತುಂಡು ವೈರ್ ಹಾಕಿರ್ತಾರೆ. ಟೆಸ್ಟ್ ಮಾಡಿದ್ರೆ ಅರ್ಥ್ ಇದೆ ಅಂತ್ಲೇ ತೋರಿಸತ್ತೆ. ನ್ಯೂಟ್ರಲ್ ಎಲ್ಲಾದ್ರೂ ಬಿಟ್ಟೋದ ದಿನ ಫ್ರಿಜ್ಜಿನ ಬಾಡಿಗೇ ಪೂರ್ತಿ ಫೇಸ್ ಬರತ್ತೆ. ಕಂಡ ತಕ್ಷಣ ತೆಗೆಸಿ, ಹಾಕಿದೋರ ಉಳಿದ ಕೆಲ್ಸಾನೂ ಒಂದ್ಸಲ ಅನುಮಾನದಿಂದ ನೋಡಿ.

ಆಫ್ ಮಾಡಿದ್ರೂ ಎಲ್‌ಇಡಿ ಮಿಣಮಿಣ ಉರಿಯತ್ತೆ

ವೈರಿಂಗ್ ಹೋಗಿದೆ ಅಂತ ಹೆದರಿಸೋಕೆ ಒಳ್ಳೇ ನೆಪ ಇದು. ಸ್ವಿಚ್ ನ್ಯೂಟ್ರಲಲ್ಲಿ ಹಾಕಿರ್ತಾರೆ, ಇಲ್ಲಾ ಸ್ವಿಚ್ಚಲ್ಲಿ ಇಂಡಿಕೇಟರ್ ಲೈಟ್ ಇರತ್ತೆ, ಇಲ್ಲಾ ಪಕ್ಕದಲ್ಲಿ ಹೋಗೋ ವೈರಿಂದ ಚೂರು ಕರೆಂಟ್ ಹಾರಿ ಬರತ್ತೆ. ಮೊದಲನೇದು ಸರಿ ಮಾಡಿಸ್ಲೇಬೇಕು, ಬಲ್ಬ್ ಬದಲಾಯಿಸೋವಾಗ ಹೋಲ್ಡರಲ್ಲಿ ಫೇಸ್ ಇರತ್ತೆ. ಉಳಿದವು ನಿರುಪದ್ರವಿ. ಡಿಜಿಟಲ್ ಮಲ್ಟಿಮೀಟರ್ ಆಫ್ ಆದ ವೈರಲ್ಲಿ 60, 80 ವೋಲ್ಟ್ ತೋರಿಸೋದೂ ಇದೇ ಜಾತಿ ದೆವ್ವ.

ವೋಲ್ಟೇಜ್ ಇಳಿಯತ್ತೆ

ಇದಕ್ಕೆ ಮೀಟರ್ ಹಿಡಿಯೋಕೆ ಗೊತ್ತಿರೋರು ಬೇಕು. ಸಾಕೆಟ್ಟಲ್ಲಿ ಲೋಡ್ ಇಲ್ದೆ ವೋಲ್ಟೇಜ್ ನೋಡಿ, ಆಮೇಲೆ 2000 ವ್ಯಾಟ್ ಹೀಟರ್ ಹಾಕಿ ಅದೇ ಬೋರ್ಡಲ್ಲಿ ಮತ್ತೆ ನೋಡಿ. ಡಿಬೀಲೂ ಹಾಗೇ ಎರಡು ಸಲ ನೋಡ್ಬೇಕು, ಇಲ್ದಿದ್ರೆ ಕಂಬದಿಂದ ಬರೋ ಇಳಿತ ನಿಮ್ಮ ವೈರಿನ ತಲೆಗೆ ಬರತ್ತೆ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಒಂದು ಮೀಟರ್ ಉದ್ದಕ್ಕೆ 7.4 ಮಿಲಿಓಮ್, ಡಿಬಿಯಿಂದ 20 ಮೀಟರ್ ದೂರ ಅಂದ್ರೆ ಹೋಗಿ ಬಂದು 40 ಮೀಟರ್, ಒಟ್ಟು 0.3 ಓಮ್ ಆಸುಪಾಸು, 8.7 ಆಂಪ್ಸಿಗೆ 2.6 ವೋಲ್ಟ್ ಇಳಿಬೇಕು. 1.5 ಸ್ಕ್ವೇರ್ ಆದ್ರೆ 4 ವೋಲ್ಟ್ ಸುಮಾರು. ನಿಮಗೆ 12 ವೋಲ್ಟ್ ಇಳೀತಾ ಇದ್ರೆ ಆ ಜಾಸ್ತಿ ಇಳಿದಿದ್ದೆಲ್ಲ ಯಾವ್ದೋ ಜಾಯಿಂಟಲ್ಲಿ ಬಿಸಿಯಾಗಿ ಹೋಗ್ತಿದೆ, ಇಲ್ಲಾ ಮಧ್ಯದಲ್ಲಿ ಯಾರೋ ತೆಳು ವೈರ್ ಸೇರಿಸಿದಾರೆ. ದಾರಿಯಲ್ಲಿರೋ ಬಾಕ್ಸ್ ಒಂದೊಂದೇ ಬಿಚ್ಚಿದ್ರೆ ಸಿಗತ್ತೆ.

ಲಕ್ಷಣವೇ ಇಲ್ಲ, ಆದ್ರೆ ಮನೆ ಹಳೇದು

ವಯಸ್ಸೊಂದೇ ನೋಡಿ ಹೇಳೋಕಾಗಲ್ಲ, ಪೈಪ್ ಒಳಗೆ ತಂಪಾಗಿ, ಲೋಡ್ ಮೀರದೆ ಇದ್ದ ಪಿವಿಸಿ ತಾಮ್ರ 40 ವರ್ಷಕ್ಕೂ ಮೆತ್ತಗಿರೋದು ನೋಡಿದೀನಿ. ನೋಡ್ಬೇಕಾದ್ದು ಯಾವ ಜಾತಿ ವೈರು ಅನ್ನೋದು.

ಕಪ್ಪು ರಬ್ಬರು, ಮೇಲೆ ಹತ್ತಿ ನೂಲಿನ ಹೆಣಿಗೆ, ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದಿರೋದು ಕಂಡ್ರೆ ಚರ್ಚೆ ಬೇಡ, ಪೂರ್ತಿ ಬದಲಾಯಿಸಿ. ರಬ್ಬರು ವಯಸ್ಸಾದಂಗೆ ಒಣಗೇ ಒಣಗತ್ತೆ, ಕೆಲಸಕ್ಕೆ ಅಂತ ಮುಟ್ಟಿದ್ರೇ ಉದುರತ್ತೆ, ಮುಟ್ಟದೇ ಇರೋ ತನಕ ಮಾತ್ರ ಚೆನ್ನಾಗಿರೋ ವೈರ್ ಅದು. ಅಷ್ಟರ ತನಕ ಅದನ್ನ ಅಲ್ಲಾಡಿಸೋಕೂ ಹೋಗ್ಬೇಡಿ.

ಬೆಳ್ಳಿ ಬಣ್ಣದ ಎಳೆ ಕಂಡ್ರೆ ಕೆರೆದು ನೋಡ್ಸಿ, ಒಳಗೆ ಕೆಂಪು ಬಂದ್ರೆ ತವರ ಲೇಪಿಸಿದ ತಾಮ್ರ, ಒಳಗೂ ಬಿಳಿ ಇದ್ರೆ ಅಲ್ಯುಮಿನಿಯಂ. ಅಲ್ಯುಮಿನಿಯಂ ತಾಮ್ರದ 61 ಪರ್ಸೆಂಟ್ ಅಷ್ಟೇ ಕರೆಂಟ್ ಹರಿಯೋಕೆ ಬಿಡತ್ತೆ, ಮೇಲೆ ಆಕ್ಸೈಡ್ ಪದರ ಕಟ್ಟತ್ತೆ, ಬಿಸಿಗೆ ಜಾಸ್ತಿ ಹಿಗ್ಗತ್ತೆ, ಸ್ಕ್ರೂ ಒತ್ತಡಕ್ಕೆ ನಿಧಾನಕ್ಕೆ ಹರಿದು ಸಡಿಲ ಆಗತ್ತೆ. ಇಲ್ಲೂ ಕೆಡೋದು ತುದೀನೇ, ಆದ್ರೆ ಎಲ್ಲಾ ತುದೀನೂ ಒಂದೊಂದಾಗಿ ಕೆಡ್ತಾ ಬರತ್ತೆ. ಲೈಟ್ ಸರ್ಕ್ಯೂಟಿಗಾದ್ರೆ ಅಲ್ಯುಮಿನಿಯಂಗೆ ಅಂತಲೇ ಮಾಡಿದ ಕನೆಕ್ಟರ್ ಹಾಕಿ ಕಾಲ ತಳ್ಬಹುದು, ಗೀಸರ್ ಲೈನಲ್ಲಿ ನಾನಂತೂ ಇಟ್ಕೊಳ್ಳಲ್ಲ. ತಾಮ್ರಕ್ಕೂ ಅದಕ್ಕೂ ನೇರ ತಿರುಚಿ ಟೇಪ್ ಸುತ್ತಿದ್ರೆ ಅದನ್ನ ಮೊದ್ಲು ತೆಗೆಸಿ.

ಕೊನೇ ತೀರ್ಪು ಮೆಗ್ಗರಿಂದು

ಇನ್ಸುಲೇಷನ್ ಹೇಗಿದೆ ಅಂತ ಗೋಡೆ ಒಡೆಯದೇ ಹೇಳೋ ಯಂತ್ರ ಇದೊಂದೇ. ಮೇನ್ ಆಫ್, ಎಲ್ಲಾ ಪ್ಲಗ್ಗು, ಎಲ್‌ಇಡಿ ಬಲ್ಬು, ಫ್ಯಾನ್ ರೆಗ್ಯುಲೇಟರ್ ಎಲ್ಲಾ ಬಿಡಿಸಿ, ಇಲ್ದಿದ್ರೆ 500 ವೋಲ್ಟ್ ಡಿಸಿಗೆ ಸುಟ್ಟು ಹೋಗ್ತವೆ. ಆಮೇಲೆ ಪ್ರತಿ ಸರ್ಕ್ಯೂಟಿಗೂ ಫೇಸು ಅರ್ಥು, ನ್ಯೂಟ್ರಲ್ಲು ಅರ್ಥು, ಫೇಸು ನ್ಯೂಟ್ರಲ್ಲು ಹೀಗೆ ಅಳೀತಾರೆ. ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಕನಿಷ್ಠ 1 ಮೆಗಾಓಮ್ ಕೇಳತ್ತೆ, ಚೆನ್ನಾಗಿರೋ ಪಿವಿಸಿಯಲ್ಲಿ ಹತ್ತಾರು, ನೂರಾರು ಬರತ್ತೆ. ಒಂದು ಸರ್ಕ್ಯೂಟಲ್ಲಿ ಕಮ್ಮಿ ಬಂದ್ರೆ ಗಾಬರಿ ಬೇಡ, ಮಧ್ಯದ ಜಂಕ್ಷನ್ ಬಾಕ್ಸಲ್ಲಿ ಬಿಡಿಸಿ ಎರಡು ತುಂಡು ಮಾಡಿ ಮತ್ತೆ ಅಳೀರಿ, ಕೆಟ್ಟ ಅರ್ಧನ ಮತ್ತೆ ಎರಡು ಮಾಡಿ. ಎರಡು ಮೂರು ಸಲಕ್ಕೆ ಒಂದು ಪೈಪಿನ ಮಟ್ಟಕ್ಕೆ ಬಂದುಬಿಡತ್ತೆ, ಆ ಪೈಪಿನ ವೈರ್ ಎಳೆದು ಹೊಸದು ಹಾಕಿದ್ರೆ ಸಾಕು. ಎಲ್ಲಾ ಸರ್ಕ್ಯೂಟೂ ಕಮ್ಮಿ, ಬಿಸಿಲಲ್ಲಿ ಒಣಗಿದ ಮೇಲೆ ಅಳೆದ್ರೂ ಕಮ್ಮಿ ಅಂದ್ರೆ ಆಗ ಪೂರ್ತಿ ರೀವೈರಿಂಗ್ ನಿಜ.

ಹಾಗೆ ನಿರ್ಧಾರ ಆದ್ರೂ ಗೋಡೆ ಒಡೀಲೇಬೇಕು ಅಂತಿಲ್ಲ. ಒಂದು ಬಾಕ್ಸಲ್ಲಿ ವೈರ್ ಹಿಡಿದು ನಿಧಾನಕ್ಕೆ ಎಳೆಸಿ ನೋಡಿ, ಇನ್ನೊಂದು ಬಾಕ್ಸಲ್ಲಿ ಅಲ್ಲಾಡಿದ್ರೆ ಪೈಪ್ ಖುಲ್ಲಾ ಇದೆ, ಹಳೇ ವೈರಿಗೇ ಹೊಸ ವೈರ್ ಕಟ್ಟಿ ಎಳೀಬಹುದು. ಪೈಪೇ ಇಲ್ದೆ ಪ್ಲಾಸ್ಟರ್ ಒಳಗೆ ನೇರ ಹೂತಿದ್ರೆ, ಇಲ್ಲಾ ಪೈಪ್ ಒಳಗೆ ಸಿಮೆಂಟ್ ಇಳಿದಿದ್ರೆ ಮಾತ್ರ ಒಡೆಯೋದು, ಅದಕ್ಕೂ ಮನಸಿಲ್ದಿದ್ರೆ ಗೋಡೆ ಮೇಲೆ ಕೇಸಿಂಗ್ ಕ್ಯಾಪಿಂಗ್ (ವೈರ್ ಒಳಗಿಟ್ಟು ಮುಚ್ಚೋ ಪಟ್ಟಿ) ಹಾಕ್ಸಿ, ಚೆಂದ ಸ್ವಲ್ಪ ಕಮ್ಮಿನೇ, ಆದ್ರೆ ಮುಂದೆ ರಿಪೇರಿ ಸುಲಭ.

ಯಾರಾದ್ರೂ ಪೂರ್ತಿ ಬದಲಾಯಿಸ್ಬೇಕು ಅಂದ್ರೆ ಯಾವ ಸರ್ಕ್ಯೂಟಲ್ಲಿ ಎಷ್ಟು ಮೆಗಾಓಮ್ ಬಂತು ಅಂತ ಚೀಟೀಲಿ ಬರೆಸ್ಕೊಳ್ಳಿ, ಬರ್ಕೊಡೋಕೆ ಆಗಲ್ಲ ಅನ್ನೋರು ಅಳೆದೇ ಇರಲ್ಲ. ಒಡೆಸೋದೇ ಆದ್ರೆ ಪ್ಲಾಸ್ಟರ್ ಮುಚ್ಚೋ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ, ಪೈಪ್ ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ, ಮುಂದೆ ಯಾರೋ ಕ್ಯಾಲೆಂಡರಿಗೆ ಮೊಳೆ ಹೊಡೆಯೋವಾಗ ಬೇಕಾಗತ್ತೆ.